ದೇಸೂರಿನ ಟ್ರ್ಯಾಕಿನಲ್ಲಿ ಅಕ್ಕ

ನನ್ನ ಅಕ್ಕ ವಡಗಾವಿಯಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಾಳೆ. ಕಲಿಯುವವರ ಪಕ್ಕದಲ್ಲಿ ಕುಳಿತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು, ನೇಕಾರರ ಓಣಿಗಳಲ್ಲಿ ನಿಧಾನವಾಗಿ ಸುತ್ತುವುದು ಅವಳ ಕೆಲಸ. ಜೋರಾಗಿ ಓಡಿಸುವ ಆಸೆ ಅವಳಿಗಿತ್ತೆಂದು ನನಗೆ ತಿಳಿದದ್ದು, ಸೈನ್ಯದ ಕ್ಯಾಂಪ್ ಬಡಾವಣೆಯ ನಿವೃತ್ತ ಸೈನಿಕರೊಬ್ಬರು ಖಾನಾಪುರ ರಸ್ತೆಯ ದೇಸೂರಿನ ಬಳಿ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿಗಳ ಟ್ರ್ಯಾಕ್ ಮಾಡಿದ ಮೇಲೆ.

ಮೊದಲು ನಾನು ಓಡಿಸಿದೆ. ಆ ಪುಟ್ಟ ಗಾಡಿಗೆ ಬಾಗಿಲಿಲ್ಲ, ಗೇರಿಲ್ಲ. ಕುಳಿತರೆ ನೆಲ ಗೇಣುದ್ದ ಕೆಳಗೆ. ನೇರ ದಾರಿಯಲ್ಲಿ ಸುಖವೇ. ತಿರುವಿನಲ್ಲಿ ಮಾತ್ರ ಹಿಂದಿನ ಗಾಲಿ ಹೊರಗೆ ಜಾರಿತು, ಸ್ಟೇರಿಂಗ್ ಭುಜದವರೆಗೂ ನಡುಗಿಸಿತು. ಹೆದರಿ ತಿರುವಿನ ನಡುವೆಯೇ ಬ್ರೇಕ್ ಒತ್ತಿದೆ. ಗಾಡಿ ಗಿರಕಿ ಹೊಡೆದು, ಅಂಚಿಗೆ ಜೋಡಿಸಿದ್ದ ಹಳೆಯ ಟೈರುಗಳಿಗೆ ಬೆನ್ನು ತಾಗಿಸಿ ನಿಂತಿತು.

ಅಕ್ಕ ಹಾಗಲ್ಲ. ತಿರುವಿಗೆ ಮೊದಲೇ ವೇಗ ಇಳಿಸಿ, ಒಳಅಂಚನ್ನು ಸವರಿಕೊಂಡು, ಕಣ್ಣನ್ನು ಆಚೆಯ ದಾರಿಯ ಮೇಲಿಟ್ಟು ಹೊರಬೀಳುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ.

"ಅಕ್ಕಾರ, ನೀವು ರೇಸಿಗೆ ಬರಬೇಕ್ರೀ," ಅಂದರು ಮಾಲೀಕರು.

ರೇಸಿನ ದಿನ ಕೊನೆಯ ಸುತ್ತಿನವರೆಗೂ ಅವಳು ಎರಡನೆಯವಳು. ಮುಂದಿದ್ದ ಖಾನಾಪುರದ ಹುಡುಗಿ ಕಡೆಯ ತಿರುವಿನಲ್ಲಿ ಜಾರಿ ಅಡ್ಡವಾದಳು. ಒಳಬದಿಯಲ್ಲಿ ದಾರಿ ತೆರೆದೇ ಇತ್ತು. ನಾವೆಲ್ಲ ಎದ್ದು ನಿಂತೆವು. ಅಕ್ಕನ ಗಾಡಿ ನಿಂತುಬಿಟ್ಟಿತು. ಹಿಂದಿದ್ದವರು ಒಬ್ಬೊಬ್ಬರಾಗಿ ಅದೇ ದಾರಿಯಲ್ಲಿ ದಾಟಿಹೋದರು.

ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ದಾರಿ ಕಂಡಿತ್ತು. ಆದ್ರ ಆಕಿ ತಪ್ಪಿದ ಕೂಡ್ಲೆ ನನ್ನ ಕಾಲು ಬ್ರೇಕ್ ಒತ್ತಿಬಿಡ್ತು. ಇಷ್ಟ ವರ್ಷ ಅದನ್ನ ಮಾಡೀನಲ್ಲ," ಅಂದಳು.

ಆ ಹುಡುಗಿ ಬಂದು, ನೀವು ನಿಲ್ಲದಿದ್ದರೆ ನನಗೆ ಬಡಿಯುತ್ತಿತ್ತು ಎಂದು ಮರಾಠಿಯಲ್ಲಿ ಹೇಳಿದಳು. ಬಡಿಯುತ್ತಿರಲಿಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಆದರೂ ನಕ್ಕು ಅವಳ ಬೆನ್ನು ತಟ್ಟಿದಳು.

ಮುಂದಿನ ರೇಸಿಗಾಗಿ ಮಳೆಗಾಲ ಮುಗಿಯುವುದನ್ನೇ ಕಾದಳು. ಅಷ್ಟರಲ್ಲಿ ಜಾಗದ ಗುತ್ತಿಗೆ ಮುಗಿದು, ಮಾಲೀಕರು ಗಾಡಿಗಳನ್ನು ಮಾರಿ ಮಗಳ ಊರಿಗೆ ಹೋದರು. ಜಾಗದವರು ಡಾಂಬರು ಕಿತ್ತು ಮನೆಗಳಿಗೆ ಪ್ಲಾಟ್ ಹಾಕಿದರು. ಕೊಲ್ಹಾಪುರದ ಕಡೆ ಎಲ್ಲಾದರೂ ಇಂಥ ಟ್ರ್ಯಾಕ್ ಇದ್ದರೆ ಹೋಗಿಬರೋಣ ಎಂದು ಎರಡು ಮೂರು ಸಲ ಕರೆದೆ. ನೋಡೂಣು ಅಂದಳು, ಹೋಗಲಿಲ್ಲ.

ಈಗ ಅವಳ ಮೊಣಕಾಲು ನೋವು ಹೆಚ್ಚಾಗಿದೆ, ಅಷ್ಟು ಕೆಳಗೆ ಕೂರುವುದು ಆಗದು. ಇನ್ನೊಂದೇ ಒಂದು ರೇಸು ಅವಳಿಗೆ ಸಿಗಬೇಕಿತ್ತು.