ಹಿಮಾಲಯದಲ್ಲಿ ಕುಚ್ಚಲಕ್ಕಿ

ಕಾಪುವಿನ ನಮ್ಮ ಮನೆಯಲ್ಲಿ ಬೆಳಗಿನ ಗಂಜಿ ಕುದಿಯುವಾಗ ಪಾತ್ರೆಯ ಮುಚ್ಚಳ ಟಕಟಕನೆ ಕುಣಿಯುತ್ತದೆ. ಪತ್ರಿಕೆ ಓದುವ ನೆಪದಲ್ಲಿ ನಾನು ಆ ಸದ್ದಿಗೇ ಕಿವಿಗೊಟ್ಟು ಕೂರುವುದನ್ನು ಕಂಡರೆ ನನ್ನಾಕೆಗೆ ನಗು. ನೀವೂ ನಗಬಹುದು, ಈ ಮುಚ್ಚಳಕ್ಕೂ ಹಿಮಾಲಯಕ್ಕೂ ಇರುವ ನಂಟನ್ನು ಕೇಳಿದ ಮೇಲೆ ನಗಿ, ನನ್ನ ಆಕ್ಷೇಪವಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಉಡುಪಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನನಗೆ ಅಲ್ಲಿಯವರೆಗೆ ಪರಿಚಯವಿದ್ದ ಅತ್ಯುನ್ನತ ಶಿಖರವೆಂದರೆ ನಮ್ಮೂರಿನ ಕಡಲದಂಡೆಯ ದೀಪಸ್ತಂಭ. ಹಿಮಾಲಯದ ಹುಚ್ಚು ನನ್ನದಲ್ಲ, ಗೆಳೆಯ ಫೆಲಿಕ್ಸನದು. ಶಂಕರಪುರದ ಮಲ್ಲಿಗೆ ಬೆಳೆಯುವ ಮನೆಯವನು, ಮಣಿಪಾಲದ ಕಚೇರಿಯೊಂದರಲ್ಲಿ ಗುಮಾಸ್ತ. ಕ್ಯಾಲೆಂಡರಿನಿಂದ ಕತ್ತರಿಸಿದ ಹಿಮದ ಘಾಟಿಯೊಂದರ ಚಿತ್ರವನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು, ಅದನ್ನು ಹತ್ತಿ ಆಚೆ ಬದಿಯನ್ನು ನೋಡಲೇಬೇಕೆಂದು ನಾಲ್ಕು ವರ್ಷ ರಜೆ ಕೂಡಿಸಿದವನು. ಅಭ್ಯಾಸಕ್ಕೆಂದು ಭಾನುವಾರಗಳಲ್ಲಿ ಕಾರ್ಕಳಕ್ಕೆ ಹೋಗಿ, ಬೆನ್ನಿಗೆ ತೆಂಗಿನಕಾಯಿ ತುಂಬಿದ ಚೀಲ ಕಟ್ಟಿಕೊಂಡು ಗೊಮ್ಮಟನ ಬೆಟ್ಟ ಹತ್ತಿ ಇಳಿದೆವು. ಇದು ಯಾವ ಹರಕೆಯೆಂದು ಜನ ಭಕ್ತಿಯಿಂದಲೇ ವಿಚಾರಿಸುತ್ತಿದ್ದರು.

ನನಗಿದ್ದದ್ದು ಒಂದೇ ಚಿಂತೆ, ಅಷ್ಟು ದಿನ ಗಂಜಿಯಿಲ್ಲದೆ ಬದುಕುವುದು ಹೇಗೆ? ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ಎರಡನ್ನೂ ಕಟ್ಟಿಕೊಂಡೆ.

"ಕುಕ್ಕರ್ ಒಂದು ಇರಲಿ ಮಾರಾಯ್ರೇ," ಎಂದಳು ನನ್ನಾಕೆ.

ಭಾರವೆಂದು ಬಿಟ್ಟೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕುಗ್ಗಿ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ, ಆದ್ದರಿಂದ ಅನ್ನ ಬೇಯುವುದು ಕಷ್ಟವೆಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದ ಮಹಾಶಯನೂ ನಾನೇ!

ಘಾಟಿ ಹತ್ತಬೇಕಿದ್ದ ದಿನದ ಹಿಂದಿನ ಮಧ್ಯಾಹ್ನ ಕೊನೆಯ ಬಿಡಾರದಲ್ಲಿ ಸ್ಟೌ ಹಚ್ಚಿದೆ. ನೀರು ಬೇಗನೆ ಕುದಿಯಿತೆಂದು ಹಿಗ್ಗಿದೆ. ಮುಚ್ಚಳ ಕುಣಿಯಿತು, ಕುಣಿಯುತ್ತಲೇ ಇತ್ತು. ಎರಡು ಗಂಟೆ ಕಳೆದರೂ ಅಗುಳು ಹಲ್ಲಿಗೆ ಕಲ್ಲು.

"ಬೆಂದಿತಾ ಮಾರಾಯ?" ಎಂದ ಫೆಲಿಕ್ಸ್.

"ಇನ್ನು ಹತ್ತೇ ನಿಮಿಷ," ಎಂದೆ. ಸೋಲೊಪ್ಪಲು ಮೇಷ್ಟರಿಗೆ ಮನಸ್ಸು ಬರಬೇಕಲ್ಲ! ಮೂರನೆಯ ಗಂಟೆಗೆ ಸ್ಟೌ ಭುಸ್ಸೆಂದು ಆರಿತು. ಡಬ್ಬಿಯಿಂದ ಮತ್ತೆ ಮತ್ತೆ ಸುರಿದ ಸೀಮೆಎಣ್ಣೆಯೆಲ್ಲ ಮುಗಿದಿತ್ತು, ಮುಂದೆ ಹಿಮ ಕರಗಿಸಿ ಕುಡಿಯುವ ನೀರಿಗೂ ಅದೇ ಆಧಾರ. ದಾರಿ ತೋರಿಸಲು ಬಂದಿದ್ದ ಬೆಟ್ಟದೂರಿನ ಮುದುಕ ಡಬ್ಬಿಯನ್ನು ಅಲ್ಲಾಡಿಸಿ ನೋಡಿ, ಕೆಳಗಿನ ದಾರಿಯತ್ತ ಕೈ ತೋರಿದ. ಘಾಟಿ ಕಣ್ಣೆದುರೇ ಇತ್ತು. ಫೆಲಿಕ್ಸ್ ಸ್ವಲ್ಪ ಹೊತ್ತು ಅದನ್ನು ನೋಡಿ, ಚೀಲ ಹೆಗಲಿಗೇರಿಸಿದ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

ಊರಿನಲ್ಲಿ ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: "ನನಗೆ ತಲೆ ತಿರುಗಲಿಕ್ಕೆ ಶುರುವಾಯಿತು. ಇವನು ಪಾಪ, ನನಗಾಗಿ ವಾಪಸ್ಸು ಬಂದದ್ದು." ಛೆ, ನಾನು ವಿನಯದಿಂದ ತಲೆತಗ್ಗಿಸಿ ಆ ಹೊಗಳಿಕೆಯನ್ನೂ ಜೇಬಿಗಿಳಿಸಿದೆ! ಆಮೇಲೆ ಅವನಿಗೆ ಸಂಸಾರವಾಯಿತು, ರಜೆ ಮತ್ತೆ ಕೂಡಲಿಲ್ಲ. ಈಗ, ಎಂಬತ್ತರ ದಶಕದ ಈ ಕೊನೆಯಲ್ಲಿ, ಅವನ ಮೊಣಕಾಲು ಕಾರ್ಕಳದ ಮೆಟ್ಟಿಲನ್ನೂ ಒಪ್ಪುವುದಿಲ್ಲ.

ಕಳೆದ ಭಾನುವಾರ ಫೆಲಿಕ್ಸ್ ಬೆಳಗಿನ ಗಂಜಿಗೆ ನಮ್ಮಲ್ಲಿಗೆ ಬಂದಿದ್ದ. ಒಳಗೆ ಮುಚ್ಚಳ ಕುಣಿಯತೊಡಗಿದ್ದೇ ತಡ, ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ನನ್ನಾಕೆಯ ಎದುರೇ ಹೇಳಿಬಿಟ್ಟೆ: "ಇವನಿಗೆ ತಲೆ ತಿರುಗಿದ್ದು ಸುಳ್ಳು. ಎಣ್ಣೆ ಮುಗಿಸಿ ಕೆಳಗಿಳಿಸಿದ್ದು ನಾನು."

ಅವಳು ನಗಲಿಲ್ಲ, ಒಳಗೆ ಹೋಗಿ ಪಾತ್ರೆಯನ್ನು ಇಳಿಸಿ ತಂದಳು. ಫೆಲಿಕ್ಸ್ ಬಟ್ಟಲನ್ನೇ ನೋಡುತ್ತ ಕೂತವನು, ಮೊದಲ ಬಾರಿಗೆ ಕೇಳಿದ: "ಆಚೆ ಬದಿಯಲ್ಲಿ ಎಂತ ಇತ್ತೋ, ಅಲ್ವಾ ಮಾರಾಯ?"

ಸೌಟು ತೆಗೆದುಕೊಂಡು ಅವನಿಗೆ ನಾನೇ ಗಂಜಿ ಬಡಿಸಿದೆ. ಚೆನ್ನಾಗಿ ಬೆಂದಿತ್ತು.