ಚುಕ್ಕಿಗಳನ್ನು ನಂಬದ ಅನುಮಾನಕ್ಕ

ಬೆಳಗಿನ ಐದೂವರೆ. ವೀಕ್ಷಣಾಲಯದ ನೆಲಮಾಳಿಗೆಯಲ್ಲಿ ಒಂದೇ ಒಂದು ಪರದೆ ಬೆಳಗುತ್ತಿದೆ. ಅದರ ಮುಂದೆ ಕನ್ನಡಕ ಹಣೆಗೇರಿಸಿ ಕೂತ ಐವತ್ತೆರಡರ ಹೆಂಗಸು ನನ್ನ ಪತ್ರಿಕೆಯ ಗುರುತಿನ ಚೀಟಿಯನ್ನು ಎರಡನೇ ಸಲ ತಿರುವಿ ನೋಡುತ್ತಾರೆ. "ಫೋಟೊ ನಿಮ್ದೇ ತಾನೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಪರದೆಗೆ ಮರಳುತ್ತಾರೆ. ಜೊತೆಯವರು ಇವರನ್ನು ಕರೆಯುವುದೇ ಅನುಮಾನಕ್ಕ ಎಂದು.

ಭೂಮಿಯ ಹತ್ತಿರ ಹಾದುಹೋಗುವ ಕ್ಷುದ್ರಗ್ರಹಗಳನ್ನು, ಅಂದರೆ ಬಾಹ್ಯಾಕಾಶದ ಕಲ್ಲುಗಳನ್ನು, ಪತ್ತೆಹಚ್ಚುವುದು ಇಲ್ಲಿಯ ಕೆಲಸ. ದೂರದರ್ಶಕವು ಆಕಾಶದ ಒಂದೇ ತುಣುಕನ್ನು ಇಪ್ಪತ್ತು ನಿಮಿಷಕ್ಕೊಮ್ಮೆ, ನಾಲ್ಕು ಸಲ ಚಿತ್ರ ತೆಗೆಯುತ್ತದೆ. ನಕ್ಷತ್ರಗಳು ಕೂತಲ್ಲೇ ಕೂತಿರುತ್ತವೆ. ಸರಿದ ಚುಕ್ಕಿಗೆ ಕಂಪ್ಯೂಟರ್ ಗುರುತು ಹಾಕುತ್ತದೆ. ದಿನಕ್ಕೆ ಇನ್ನೂರು ಗುರುತು. ಅಷ್ಟನ್ನೂ ನೋಡಿ ಜೊಳ್ಳು ತೂರುವವರು ಅನುಮಾನಕ್ಕ.

"ಧೂಳು, ಉಪಗ್ರಹ, ಕ್ಯಾಮೆರಾದ ಕಲೆ, ಎಲ್ಲಾ ಕಲ್ಲಿನ ವೇಷ ಹಾಕ್ಕೊಂಡು ಬರ್ತವೆ ಸಾರ್. ಕೊನೆಗೆ ಉಳಿಯೋದು ಹತ್ತೋ ಹನ್ನೆರಡೋ."

ಮೊದಲು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾದರೂ ಹುದ್ದೆ ಇನ್ನೂ ತಾತ್ಕಾಲಿಕ. ಎಡಗಣ್ಣು ಮಂಜಾಗುತ್ತಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಈ ಗುಣ ಮನೆಗೂ ಹೋಗುತ್ತದೆ. "ಉಪ್ಪು ಹಾಕಿದೀನಿ ಅಂದ್ರೂ ಸೌಟು ತಗೊಂಡು ಬರ್ತಾಳೆ," ಎನ್ನುತ್ತಾರೆ ಬಸ್ ಓಡಿಸುವ ಗಂಡ.

ಮೂರು ವರ್ಷದ ಹಿಂದೆ ಒಂದು ಮುಂಜಾನೆ ಲೆಕ್ಕಾಚಾರದ ಹಾಳೆ ನೋಡಿ ನಿರ್ದೇಶಕರ ಮುಖ ಬಿಳಿಚಿತು. ಹೊಸದಾಗಿ ಕಂಡ ಕಲ್ಲೊಂದು ಹನ್ನೊಂದು ದಿನದಲ್ಲಿ ಭೂಮಿಗೆ ಬಡಿಯಬಹುದಿತ್ತು. ಪತ್ರಿಕಾ ಪ್ರಕಟಣೆ ಸಿದ್ಧವಾಯಿತು. ಅನುಮಾನಕ್ಕ ಮಾತ್ರ ಅದೇ ಚಿತ್ರಗಳಲ್ಲಿದ್ದ, ದಾರಿ ಮೊದಲೇ ಗೊತ್ತಿದ್ದ ಏಳು ಹಳೆಯ ಕಲ್ಲುಗಳನ್ನು ಅಳೆದರು. ಏಳೂ ಇರಬೇಕಾದ ಜಾಗಕ್ಕಿಂತ ಚೂರು ಮುಂದಿದ್ದವು.

"ಅರ್ಧ ಗಂಟೆ ತಡೀರಿ ಸಾರ್," ಎಂದರು.

"ಇಂಥಾ ಹೊತ್ತಲ್ಲೂ ನಿಮ್ಮದೊಂದು ಅನುಮಾನವಾ ತಾಯಿ?" ನಿರ್ದೇಶಕರು ಸಿಡುಕಿದರು.

"ಏಳು ಕಲ್ಲೂ ಮಾತಾಡ್ಕೊಂಡು ಒಟ್ಟಿಗೆ ಓಡಲ್ಲ. ನಮ್ಮ ಗಡಿಯಾರನೇ ಹಿಂದಿರ್ಬೇಕು."

ಹೌದು, ಹಿಂದಿತ್ತು. ಹಿಂದಿನ ಸಂಜೆ ಕರೆಂಟ್ ಹೋಗಿ ಬಂದಾಗ ದೂರದರ್ಶಕದ ಗಡಿಯಾರ ನಾಲ್ಕು ನಿಮಿಷ ಹಿಂದೆ ಬಿದ್ದಿತ್ತು. ಸರಿಪಡಿಸಿ ಮತ್ತೆ ಲೆಕ್ಕ ಹಾಕಿದಾಗ, ಕಲ್ಲಿನ ದಾರಿ ಚಂದ್ರನಿಗಿಂತ ಎಷ್ಟೋ ಆಚೆ. ನಿರ್ದೇಶಕರು ಪ್ರಕಟಣೆಯನ್ನು ಹರಿದು ಹಾಕಿದರು. ಆಮೇಲೆ ತಾವೇ ಚಹಾ ತಂದುಕೊಟ್ಟರು.

"ಆ ಅರ್ಧ ಗಂಟೆ ಏಳೂ ಕಲ್ಲನ್ನ ಮತ್ತೆ ಮತ್ತೆ ಅಳೀತಾನೇ ಇದ್ದೆ," ಎನ್ನುತ್ತಾರೆ ಅನುಮಾನಕ್ಕ. "ನನ್ನ ಅನುಮಾನನೇ ಸುಳ್ಳಾಗಿದ್ರೆ?"

ಹೊರಗೆ ಯಾರಿಗೂ ಈ ಸುದ್ದಿ ಗೊತ್ತಿಲ್ಲ. ಏನೂ ಆಗಲಿಲ್ಲ ಎಂಬುದಕ್ಕೆ ಚಪ್ಪಾಳೆ ತಟ್ಟುವವರಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಒಂದು ಕಲ್ಲನ್ನಾದ್ರೂ ದೂರದರ್ಶಕಕ್ಕೆ ಕಣ್ಣಿಟ್ಟು ನಾನೇ ನೋಡ್ಬೇಕು ಸಾರ್. ಇಷ್ಟು ವರ್ಷ ಬರೀ ಪರದೆ ಹೇಳಿದ್ದನ್ನೇ ನಂಬಿದೀನಲ್ಲ."