ಹೊಸಬರಿಗೆ ಹತ್ತು ಸಾವಿರ ಸೈನಿಕರು

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ನ್ಯಾಮತಿ ಬಸ್ಸಿಗೆ ಕಾಯುತ್ತ ಕೂತಿದ್ದಾಗ ಮೊಬೈಲಿನಲ್ಲಿ ಒಂದು ಜಾಹೀರಾತು ಬಂತು. ಕೋಟೆ, ಆನೆ, ಹೊಗೆ, ಮೀಸೆ ತಿರುವುತ್ತ ನಿಂತ ಒಬ್ಬ ರಾಜ. ಕೆಳಗೆ ಕನ್ನಡದಲ್ಲೇ ಬರೆದಿತ್ತು: 'ಇತಿಹಾಸದ ಯುದ್ಧಗಳನ್ನು ನೀವೇ ನಡೆಸಿ. ಹೊಸಬರಿಗೆ ಹತ್ತು ಸಾವಿರ ಸೈನಿಕರು ಉಚಿತ.' ಒಂದು ಸೀರೆ ಕೊಂಡರೆ ಇನ್ನೊಂದು ಪುಕ್ಕಟೆ ಎನ್ನುವುದನ್ನು ಕಂಡಿದ್ದೇನೆ. ಮನುಷ್ಯರನ್ನು ಸಾವಿರಗಟ್ಟಲೆ ಪುಕ್ಕಟೆ ಕೊಡುವುದನ್ನು ಕಂಡದ್ದು ಇದೇ ಮೊದಲು. ಬಸ್ಸು ತಡವಿತ್ತು. ಒತ್ತಿಬಿಟ್ಟೆ. ಅದು ಬರುವುದರೊಳಗೆ ಆರು ಸಾವಿರ ಜನರನ್ನು ಕಳೆದುಕೊಂಡು, ಒಂದು ಕೋಟೆ ಗೆದ್ದು, 'ಭೇಷ್ ದಳಪತಿಗಳೇ' ಎನ್ನಿಸಿಕೊಂಡಿದ್ದೆ.

ನೀವು ನಗಬಹುದು. ಐವತ್ತು ದಾಟಿದ ಸಮಾಜ ವಿಜ್ಞಾನದ ಮೇಷ್ಟ್ರು ನಾನು. ಮನೆಯಲ್ಲಿ ಇವತ್ತು ಸಾರಿಗೆ ಯಾವ ಕಾಯಿ ಹಾಕಬೇಕು ಎಂಬ ವಿಷಯದಲ್ಲೂ ನನ್ನ ಮಾತು ನಡೆಯುವುದಿಲ್ಲ. ಅರ್ಧ ದಿನದ ರಜೆ ಕೇಳಬೇಕಾದರೆ ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ನಿಂತು ಮಾತನ್ನು ಎರಡು ಸಲ ಬಾಯಿಪಾಠ ಮಾಡಿಕೊಳ್ಳುತ್ತೇನೆ. ಇಂಥವನಿಗೆ ಯಾರೋ ಒಂದು ದಂಡು ಕೊಟ್ಟು, ನಡೆಸಪ್ಪ ಅಂದರೆ ಹೇಗಿರಬೇಡ? ಹೊಸಬರನ್ನು ಈ ಆಟಗಳು ಹಿಡಿಯುವುದೇ ಇಲ್ಲಿ. ಕುದುರೆ ಹತ್ತಲು ಬರಬೇಕಾಗಿಲ್ಲ, ಕತ್ತಿ ಹಿಡಿಯಬೇಕಾಗಿಲ್ಲ. ಎಲ್ಲವನ್ನೂ ಮೇಲಿನಿಂದ ನೋಡುತ್ತೀರಿ. ಅಷ್ಟೆತ್ತರದಿಂದ ನೋಡಿದರೆ ಯಾರಿಗೂ ಮುಖವಿರುವುದಿಲ್ಲ. ಅದೂ ಅಲ್ಲದೆ ಇದೆಲ್ಲ ಯಾವಾಗಲೋ ಆಗಿಹೋದದ್ದು. ಸತ್ತವರನ್ನೇ ಇನ್ನೊಂದು ಸಲ ಸಾಯಿಸಿದರೆ ಯಾರಪ್ಪನ ಗಂಟು ಹೋಗುತ್ತದೆ?

ನನಗೆ ಇಂಥ ಆಟವೊಂದನ್ನು ಮೊದಲು ಕಲಿಸಿದವರು ತಿಪ್ಪೇಸ್ವಾಮಿ. ನ್ಯಾಮತಿಯ ಶಾಲೆಯಲ್ಲಿ ನನ್ನದೇ ವಿಷಯ ಹೇಳುತ್ತಿದ್ದರು. ಸೇವೆಯಲ್ಲಿ ನನಗಿಂತ ಒಂದು ವರ್ಷ ಹಿರಿಯರು. ಜಗಳೂರು ತಾಲ್ಲೂಕಿನವರು, ಬಿಳಿಚೋಡಿನಲ್ಲಿ ಇಳಿದು ಇನ್ನೂ ಒಂದಷ್ಟು ದೂರ ಹೋದರೆ ಅವರ ಹಳ್ಳಿ. ಅವರ ತಂದೆಯ ಕಾಲಕ್ಕೇ ಮನೆಯವರೆಲ್ಲ ಬೌದ್ಧರಾಗಿದ್ದರು. ತಿಪ್ಪೇಸ್ವಾಮಿ ಸೊಪ್ಪು ತರಲು ಹೋಗುವಾಗಲೂ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ಹಾಕುತ್ತಿದ್ದರು. "ಏನ್ರೀ, ಸೊಪ್ಪಿನೋಳನ್ನ ಮದುವೆ ಆಗಾಕೆ ಹೊಂಟಂಗೆ ಹೊಂಟೀರಲ್ಲ" ಎಂದು ಒಮ್ಮೆ ಛೇಡಿಸಿದೆ. ಅವರು ನಗುತ್ತಲೇ ಹೇಳಿದರು: "ಇಸ್ತ್ರಿ ಇಲ್ದಿದ್ರೆ ನಾನು ಯಾರ ಮಗ ಅಂತ ಜನಕ್ಕೆ ನೆನಪಾಗ್ತೈತೆ ರೀ." ನಾನೂ ನಕ್ಕೆ. ಆ ಮಾತಿಗೆ ನಗಬಾರದಿತ್ತು ಎಂದು ಹೊಳೆಯಲು ನನಗೆ ಬಹಳ ದಿನ ಹಿಡಿಯಿತು.

ಆಟ ಅವರೇ ಮಾಡಿದ್ದು. ಶಾಲೆಯಲ್ಲಿ ಹರಿದು ಮೂಲೆ ಸೇರಿದ್ದ ಒಂದು ಭೂಪಟದ ಬೆನ್ನಿಗೆ ನಮ್ಮ ಸೀಮೆಯನ್ನು ಬರೆದಿದ್ದರು. ನಡುವೆ ಹೊಳೆ, ಅತ್ತ ಚನ್ನಗಿರಿಯ ಕೋಟೆ, ಬಸವಾಪಟ್ಟಣ, ಇತ್ತ ಹೊನ್ನಾಳಿ, ಜಗಳೂರಿನವರೆಗೂ ದಾರಿಯುದ್ದಕ್ಕೂ ಹಳ್ಳಿಗಳು. ಕಾಲ ಪಾಳೆಯಗಾರರದು. ಸೈನಿಕರು ಹುಣಸೆ ಬೀಜ. ಒಬ್ಬರಿಗೆ ಕಪ್ಪು, ಇನ್ನೊಬ್ಬರಿಗೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದು. ಒಂದೊಂದು ಸುತ್ತು ಒಂದೊಂದು ತಿಂಗಳು. ದಂಡಿನ ಜೊತೆ ಜೋಳ ಹೋಗದಿದ್ದರೆ ದಂಡು ಕರಗುತ್ತದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಎರಡು ಬೆಂಚು ಜೋಡಿಸಿ ಕೂರುತ್ತಿದ್ದೆವು. ಮಿರ್ಚಿ ಮಂಡಕ್ಕಿ ತರುವುದು ಸೋತವರ ಪಾಳಿ, ಅಂದರೆ ಮೊದಮೊದಲು ಪ್ರತಿ ಶನಿವಾರವೂ ನನ್ನದು.

ಮೊದಲ ದಿನ ನಾನು ಎಲ್ಲ ಹೊಸಬರೂ ಮಾಡುವುದನ್ನೇ ಮಾಡಿದೆ. ನನ್ನ ಬೀಜಗಳನ್ನೆಲ್ಲ ಒಟ್ಟುಗೂಡಿಸಿ ನೇರ ಚನ್ನಗಿರಿಗೆ ಹೊರಟೆ.

"ಹೊಳೆ ದಾಟಾಕೆ ಹೊಂಟೀರಾ?" ಅಂದರು. "ತಿಂಗಳು ಯಾವ್ದು ನೋಡ್ರಿ."

ಆಷಾಢ. ಹೊಳೆ ತುಂಬಿತ್ತು. ಎಂಟು ಬೀಜ ಹೋದವು. ಎತ್ತಿ ಪಕ್ಕಕ್ಕೆ ಹಾಕಲು ಹೋದೆ. ಅವರು ನನ್ನ ಕೈ ಹಿಡಿದರು.

"ಎಲ್ಲಿಯೋರು ಅಂತ ಹೇಳಿ ತೆಗೀರಿ."

"ಎಲ್ಲಿಯೋರು ಅಂದ್ರೆ?"

"ಎಂಟು ಜನ ಹೋದ್ರಲ್ಲ. ಅವ್ರಿಗೊಂದು ಊರು ಇರ್ತೈತಲ್ರಿ. ಒಬ್ಬೊಬ್ಬರದೂ ಊರು ಹೇಳಿ, ಆಮೇಲೆ ಎತ್ತಿ."

ಇದು ಅವರ ಆಟದ ಕಟ್ಟುನಿಟ್ಟಿನ ನಿಯಮ. ಆಟಕ್ಕೆ ಮುಂಚೆ ಯಾವ ಬೀಜ ಯಾವ ಹಳ್ಳಿಯದು ಎಂದು ಪಟದ ಮೇಲೆ ಇಟ್ಟು ಗೊತ್ತು ಮಾಡಬೇಕು. ಸತ್ತಾಗ ಆ ಊರು ಹೇಳಬೇಕು. ನಾನು ಸರಸರನೆ ಒದರುತ್ತ ಹೋದೆ. ಏಳನೆಯದು ಸಾಸ್ವೆಹಳ್ಳಿ. ನನ್ನ ಹುಟ್ಟೂರು. 'ಸಾಸ್ವೆಹಳ್ಳಿಯವನೊಬ್ಬ' ಎಂದವನಿಗೆ ಬೀಜ ಎತ್ತಲು ಮನಸ್ಸೇ ಬರಲಿಲ್ಲ. ನಗಬೇಡಿ, ನನ್ನ ಸೋದರಮಾವನ ಮುಖ ಕಣ್ಣ ಮುಂದೆ ಬಂತು. ಅವನು ಈಜು ಬಾರದೆಯೂ ಹೊಳೆಗೆ ಇಳಿಯುವವನು.

ಒಂದೆರಡು ವಾರ ಕಳೆದ ಮೇಲೆ ಗೊಣಗಿದೆ. "ಈ ಊರು ಹೇಳೋದು ಒಂದು ತೆಗೆದ್ರೆ ಆಟ ಓಡ್ತೈತೆ ರೀ."

"ಓಡಿ ಎಲ್ಲಿಗೆ ಹೋಗ್ಬೇಕ್ರಿ?" ಎಂದರು ತಿಪ್ಪೇಸ್ವಾಮಿ. ಬೀಜ ಜೋಡಿಸುತ್ತ, "ನಾವು ಪಾಠ ಮಾಡೋ ಪುಸ್ತಕದಾಗೆ ದಳವಾಯಿ ಹೆಸರೈತೆ, ಅವನ ಕುದುರೆ ಹೆಸರೂ ಐತೆ. ನಮ್ಮೋರೆಲ್ಲ 'ಅಪಾರ ಸೈನ್ಯ' ಅನ್ನೋದ್ರಾಗೆ ಹೋದ್ರು" ಎಂದರು.

ಒಳ್ಳೆಯ ಮಾತು ಎಂದು ತಲೆದೂಗಿದೆ. ತಲೆದೂಗುವುದರಲ್ಲಿ ನಮ್ಮಂಥವರನ್ನು ಮೀರಿಸುವವರಿಲ್ಲ. ಆದರೆ ಆ ನಿಯಮದಿಂದ ನಾನು ಕಲಿತದ್ದೇ ಬೇರೆ. ಸಾಸ್ವೆಹಳ್ಳಿಯವರನ್ನು ದಂಡಿನ ಹಿಂದಕ್ಕೆ ಇಟ್ಟೆ. ಹೊನ್ನಾಳಿಯವರನ್ನು ಅವರ ಮುಂದೆ. ಎಲ್ಲರಿಗಿಂತ ಮುಂದೆ ಜಗಳೂರು ಕಡೆಯವರನ್ನು. ಆ ಊರುಗಳ ಹೆಸರು ಹೇಳುವಾಗ ನಾಲಿಗೆ ತಡವರಿಸುತ್ತಿರಲಿಲ್ಲ. ಅಲ್ಲಿಂದಾಚೆ ಗೆಲ್ಲತೊಡಗಿದೆ.

"ಯಾವಾಗ್ಲೂ ನಮ್ಮ ಕಡೆಯೋರೇ ಮುಂದೆ ಬರ್ತಾರಲ್ರೀ" ಎಂದು ಒಂದು ದಿನ ಮಂಡಕ್ಕಿ ಪೊಟ್ಟಣ ಬಿಚ್ಚುತ್ತ ಹೇಳಿದರು.

"ಶೂರರು ಅಂತ" ಅಂದೆ. ಇಬ್ಬರೂ ನಕ್ಕೆವು.

ಹೀಗೆ ಆಡುತ್ತಿದ್ದಾಗಲೇ ಅವರು ಊರಿನ ವಿಷಯ ಹೇಳಿದ್ದು. ಅಪ್ಪ ಸತ್ತ ಮೇಲೆ ಅಲ್ಲಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದರು. "ನ್ಯಾಮತಿಯಾಗೆ ನಾನು ಮೇಷ್ಟ್ರು. ಅಂಗಡಿಯೋರು 'ಬರ್ರಿ, ಕೂತ್ಕೊಳ್ರಿ' ಅಂತಾರೆ. ಊರಿಗೆ ಹೋದ್ರೆ ಬಸ್ಸಿಳಿಯೋದ್ರಾಗೆ 'ಏನ್ಲಾ ತಿಪ್ಪ, ಯಾವಾಗ ಬಂದೆ' ಅಂತಾರೆ. ನನಗಿಂತ ಚಿಕ್ಕೋರು! ಪ್ರೀತಿಗೆ ಅನ್ನಲ್ಲ ಅದು, ನಂಗೆ ಗೊತ್ತೈತೆ. ನನ್ನ ಮಗಳ ಮುಂದೆ ಅದನ್ನ ಅನ್ನಿಸ್ಕೊಳ್ಳಾಕೆ ನಂಗೆ ಆಗಲ್ಲ ರೀ. ಅದಕ್ಕೇ ಇಲ್ಲೇ ಉಳಿದಿದೀನಿ." ಆ ಮಗಳು ಆಗ ಹೈಸ್ಕೂಲಿಗೆ ಬಂದಿದ್ದಳು. ಅವರಿಗೆ ನ್ಯಾಮತಿ ಎಂದರೆ ಕೆಲಸದ ಊರಷ್ಟೇ ಆಗಿರಲಿಲ್ಲ. ಬಹುವಚನ ಸಿಗುವ ಊರು. ಇದನ್ನು ಅವರು ಇನ್ಯಾರಿಗೂ ಹೇಳಿದ್ದಂತೆ ಕಾಣೆ.

ಮರುವರ್ಷ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. ನಮ್ಮ ವಿಷಯಕ್ಕೆ ಇಬ್ಬರು ಬೇಡ, ಒಬ್ಬರು 'ಹೆಚ್ಚುವರಿ' ಎಂಬ ಪಟ್ಟಿ ಬರಲಿದೆಯೆಂದು ಪರಿಚಯದವರೊಬ್ಬರು ನನ್ನ ಕಿವಿಗೆ ಹಾಕಿದರು. ಕಿರಿಯವನು ಬೇರೆ ಶಾಲೆಗೆ ಹೋಗಬೇಕು, ಅಂದರೆ ನಾನು. ನನ್ನ ಮನೆ ಶಾಲೆಯಿಂದ ಐದು ನಿಮಿಷ. ಆ ವಾರವಿಡೀ ನಾನು ಮಾಡಿದ ಯೋಚನೆ ಯಾವ ಪಾಳೆಯಗಾರನೂ ಮಾಡಿರಲಾರ. ಶಿಕ್ಷಕರ ಸಂಘದ ಪದಾಧಿಕಾರಿಗಳನ್ನು ಹೆಚ್ಚುವರಿ ಪಟ್ಟಿಯಿಂದ ಬಿಡುತ್ತಾರೆ. ನಮ್ಮ ತಾಲ್ಲೂಕಿನ ಸಂಘದಲ್ಲಿ ಒಂದು ಜಾಗ ಖಾಲಿಯಿತ್ತು. ನಾಮಪತ್ರಕ್ಕೆ ಒಬ್ಬ ಸೂಚಕರ ಸಹಿ ಬೇಕಿತ್ತು. ನಾನು ಯಾರ ಹತ್ತಿರ ಹೋದೆ ಎಂದು ಊಹಿಸಿದಿರಾ?

"ನೀವು ಸಂಘಕ್ಕಾ? ಮಾತಾಡಾಕೇ ಹೆದರ್ತೀರಿ!" ಎಂದು ತಿಪ್ಪೇಸ್ವಾಮಿ ಖುಷಿಯಿಂದಲೇ ಸಹಿ ಹಾಕಿದರು. ಅವತ್ತು ಸೋಲದಿದ್ದರೂ ಮಂಡಕ್ಕಿ ತಾವೇ ತಂದರು. ಪಟ್ಟಿಯ ವಿಷಯ ನಾನು ಬಾಯಿ ಬಿಡಲಿಲ್ಲ. ಎದುರು ಯಾರೂ ನಿಲ್ಲಲಿಲ್ಲ, ಗೆದ್ದೆ. ಎರಡು ತಿಂಗಳಲ್ಲಿ ಪಟ್ಟಿ ಬಂತು. ನನ್ನನ್ನು ಬಿಟ್ಟರೆ ಹೆಚ್ಚುವರಿಯಾಗಲು ಉಳಿದದ್ದು ತಿಪ್ಪೇಸ್ವಾಮಿ ಒಬ್ಬರೇ. ಜಿಲ್ಲೆಯ ಆ ತುದಿಯಲ್ಲಿ, ಅವರ ಹಳ್ಳಿಯ ಮಗ್ಗುಲಲ್ಲೇ ಜಾಗ ಸಿಕ್ಕಿತು. ಸಹೋದ್ಯೋಗಿಗಳೆಲ್ಲ "ಪುಣ್ಯವಂತ್ರು ಬಿಡ್ರಿ, ಸ್ವಂತ ಊರಿಗೇ ಹೊಂಟ್ರಿ" ಎಂದು ಹಾರ ಹಾಕಿದರು. ನಾನೂ ಹಾಕಿದೆ. ಅದು ಪುಣ್ಯವಲ್ಲವೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅವರು ನನ್ನ ಮುಖ ನೋಡಲಿಲ್ಲ. ನಾನು ಅವರ ಅಂಗಿಯ ಗುಂಡಿ ನೋಡುತ್ತ ನಿಂತಿದ್ದೆ.

ಮೂರು ವರ್ಷ ನಾನು ಅತ್ತ ಹೋಗಲಿಲ್ಲ. ಕಳೆದ ತಿಂಗಳು ಸಂಘದ ಕೆಲಸಕ್ಕೆ ಜಗಳೂರಿಗೆ ಹೋಗಬೇಕಾಗಿ ಬಂತು. ಮುಗಿಸಿಕೊಂಡು ಬಿಳಿಚೋಡಿಗೆ ಬಂದು, ಆಟೋ ಹಿಡಿದು ಅವರ ಹಳ್ಳಿಗೆ ಹೋದೆ. ಚಹದಂಗಡಿಯಲ್ಲಿ "ತಿಪ್ಪೇಸ್ವಾಮಿ ಮೇಷ್ಟ್ರ ಮನೆ ಯಾವ್ದು?" ಎಂದು ಕೇಳಿದೆ. ಮೂವತ್ತು ತುಂಬದ ಒಬ್ಬ, "ಯಾರು, ತಿಪ್ಪನಾ? ಆಚೆ ಕೇರಿಗೆ ಹೋಗ್ರಿ, ಅಲ್ಲೇ ಇರ್ತಾನೆ" ಎಂದ. ನನಗೆ 'ಹೋಗ್ರಿ'. ಅವರಿಗೆ 'ಇರ್ತಾನೆ'. ನನ್ನ ಕೈಯಲ್ಲಿದ್ದ ಚಹದ ಲೋಟ ಕೆಳಗಿಡುವಂತಾಯಿತು.

ತಿಪ್ಪೇಸ್ವಾಮಿ ನನ್ನನ್ನು ಕೂರಿಸಿ ಉಪಚಾರ ಮಾಡಿದರು. ಮಗಳ ವಿಷಯ ಕೇಳಿದೆ. "ಓದ್ತಾಳೆ. ನನ್ನ ಜೊತೆ ಅಂಗಡಿ ಕಡೆ ಮಾತ್ರ ಬರಲ್ಲ ಈಗ" ಎಂದರು. ಒಳಗೆ ಹೋಗಿ ಒಂದು ಕಾಗದ ತಂದು ನನ್ನ ಮುಂದಿಟ್ಟರು. ಪರಸ್ಪರ ವರ್ಗಾವಣೆಯ ಅರ್ಜಿ. ಇಬ್ಬರು ಶಿಕ್ಷಕರು ಒಪ್ಪಿದರೆ ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗಬಹುದು. ಅವರ ಹೆಸರು, ಅವರ ಶಾಲೆ, ಎಲ್ಲ ತುಂಬಿತ್ತು. ಎರಡನೆಯವರ ಕಡೆಯಲ್ಲಿ ಶಾಲೆಯ ಜಾಗಕ್ಕೆ ನ್ಯಾಮತಿ ಎಂದಿತ್ತು, ಹೆಸರು ಬರೆದಿರಲಿಲ್ಲ.

"ಪಟ್ಟಿ ಬರೋದು ನಿಮಗೆ ಮೊದ್ಲೇ ಗೊತ್ತಿತ್ತು ಅಂತ ನಂಗೆ ಆಮೇಲೆ ಗೊತ್ತಾಯ್ತು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಅದು ಹೋಗ್ಲಿ. ನಿಮಗೆ ಈ ಊರು ಏನೂ ಮಾಡಲ್ಲ ರೀ. ನೀವು ಎಲ್ಲಿಗೆ ಹೋದ್ರೂ 'ಬರ್ರಿ' ಅಂತಾರೆ. ಮಗಳ ಓದು ಇನ್ನು ಎರಡು ವರ್ಷ. ಆಮೇಲೆ ಬೇಕಾದ್ರೆ ವಾಪಸ್ ಬಂದ್ಬಿಡ್ತೀನಿ. ಎರಡು ಸಹಿ ಬೇಕು ಇದಕ್ಕೆ. ನನ್ನದು ಹಾಕಿದೀನಿ."

"ಮನೆಯಾಗೆ ಒಂದು ಮಾತು ಕೇಳಿ ಹಾಕ್ತೀನಿ" ಎಂದೆ. ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡೆ. ಅವರು ರಸ್ತೆಯವರೆಗೆ ಬಂದು ಆಟೋ ಹತ್ತಿಸಿದರು.

ಇವತ್ತು ಹೊನ್ನಾಳಿಗೆ ಹೋಗಿದ್ದೂ ಸಂಘದ ಸಭೆಗೇ. ಶಿಕ್ಷಕರ ಹಿತಕ್ಕಾಗಿ ದುಡಿಯುವವರು ಎಂದು ನನ್ನನ್ನು ವೇದಿಕೆಗೆ ಕರೆದರು. ನ್ಯಾಮತಿ ಬಸ್ಸಿನ ಕಿಟಕಿ ಪಕ್ಕ ಕೂತಾಗ ಮೊಬೈಲಿನ ಆಟ ಮತ್ತೊಂದು ಕೋಟೆ ತೋರಿಸುತ್ತಿತ್ತು. ಆಡುವ ಮನಸ್ಸಿರಲಿಲ್ಲ, ಆರಿಸಿದೆ. ಸಹಿ ಹಾಕಿಬಿಟ್ಟೆ ಎಂದು ನಿಮ್ಮೆದುರು ಬರೆಯಲು ನನಗೂ ಆಸೆ. ಮನೆಯಲ್ಲಿ ನಾನು ಕೇಳಲೇ ಇಲ್ಲ. ಕೇಳಿದ್ದರೆ ಹೆಂಡತಿ ಹಾಕಿ ಎನ್ನುತ್ತಿದ್ದಳೇನೋ ಎಂಬ ಹೆದರಿಕೆಯಿಂದಲೇ ಕೇಳಲಿಲ್ಲ. ನನಗೆ ನಾಚಿಕೆಯಾಗುತ್ತದೆ, ಸುಳ್ಳಲ್ಲ. ಆದರೆ ಈ ನಾಚಿಕೆಗೆ ಶಾಲೆಯಿಂದ ಐದು ನಿಮಿಷದ ಮನೆ ಬಿಟ್ಟು ಹೋಗುವಷ್ಟು ಕಸುವಿಲ್ಲ. ಹೋದ ಶುಕ್ರವಾರವೇ ಅರ್ಜಿ ಕೊಡಲು ಕೊನೆಯ ದಿನವಾಗಿತ್ತು. ಶನಿವಾರ ಮಧ್ಯಾಹ್ನ ಅವರ ಫೋನು ಬಂತು. ನಿಲ್ಲುವವರೆಗೂ ನೋಡುತ್ತ ಕೂತೆ. ಅವರು ಮತ್ತೆ ಮಾಡಲಿಲ್ಲ.